ಎಂಟು ಅಂಗಗಳ ಆಟ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ನಾನು ಆಡಿದ್ದು ಕಬಡ್ಡಿ ಒಂದೇ. ಅದೂ ಮಳೆ ಹಿಡಿಯುವ ತನಕ. ಈಗ ಬೆಂಗಳೂರಿನಲ್ಲಿ ಥಾಯ್ ಬಾಕ್ಸಿಂಗ್ ಕಲಿಸುತ್ತೇನೆ ಎಂದಾಗ ನಮ್ಮ ಮೇಷ್ಟ್ರು, "ಹೊಡೆದಾಡೋದನ್ನೂ ಕಲಿಸ್ತಾರೇನೋ?" ಎಂದು ನಕ್ಕರು. ಅದಕ್ಕೆ ಉತ್ತರ ಹೇಳಲೆಂದೇ ನಿಂತಿದ್ದೇನೆ.

ಥಾಯ್ಲೆಂಡಿನವರು ಇದನ್ನು ಮುಯ್ ಥಾಯ್ ಎನ್ನುತ್ತಾರೆ. ಎರಡು ಮುಷ್ಟಿ, ಎರಡು ಮೊಣಕೈ, ಎರಡು ಮಂಡಿ, ಮಂಡಿಯ ಕೆಳಗಿನ ಎರಡು ಕಾಲು, ಹೀಗೆ ಎಂಟು ಅಂಗಗಳ ಕಲೆ. ಬ್ಯಾಂಕಾಕಿನ ರಾಜದಮ್ನೋನ್ ಕ್ರೀಡಾಂಗಣದಲ್ಲಿ 1945ರಿಂದ ಪಂದ್ಯಗಳು ನಡೆಯುತ್ತಿವೆ. ಅಲ್ಲಿನ ರೂಢಿ 3 ನಿಮಿಷದ 5 ಸುತ್ತು. ಪಂದ್ಯಕ್ಕೆ ಮೊದಲು ಆಟಗಾರ ಗುರುವಿಗೆ ವಂದಿಸುತ್ತಾನೆ; ಅದಕ್ಕೆ 'ವಾಯ್ ಖ್ರೂ' ಎನ್ನುತ್ತಾರೆ. ಖ್ರೂ ಎಂದರೆ ನಮ್ಮ 'ಗುರು'ವೇ. ಗರಡಿಯ ಮಣ್ಣು ಮುಟ್ಟಿ ನಮಸ್ಕರಿಸುವ ಪೈಲ್ವಾನರನ್ನು ಕಂಡವರಿಗೆ ಇದು ಹೊಸದಲ್ಲ.

ಮೊದಲ ತಿಂಗಳು ನನ್ನಲ್ಲಿ ಯಾರೂ ಯಾರನ್ನೂ ಹೊಡೆಯುವಂತಿಲ್ಲ. ಸ್ಕಿಪ್ಪಿಂಗ್, ನಿಲ್ಲುವ ಭಂಗಿ, ಕನ್ನಡಿ ಮುಂದೆ ಗಾಳಿಗೆ ಹೊಡೆತ, ಅಷ್ಟೇ. ಎಡಗಾಲು ಮುಂದೆ, ಗದ್ದ ಕೆಳಗೆ, ಎರಡೂ ಕೈ ಹುಬ್ಬಿನ ಮಟ್ಟಕ್ಕೆ. ಒದೆಯುವಾಗ ತಾಗಬೇಕಾದ್ದು ಪಾದವಲ್ಲ, ಮಂಡಿಯ ಕೆಳಗಿನ ಮೂಳೆ. ಸೊಂಟ ತಿರುಗಬೇಕು, ನಿಂತ ಕಾಲಿನ ಹಿಮ್ಮಡಿಯೂ ತಿರುಗಬೇಕು. ಇದೊಂದು ಕೂಡಿ ಬರಲು ವಾರಗಟ್ಟಲೆ ಬೇಕು.

ಮೊಬೈಲ್ ನೋಡಿ ಕೆಲವು ಹುಡುಗರು ತೋಟದ ಸಿಲ್ವರ್ ಮರಕ್ಕೆ ಒದೆಯುತ್ತಿದ್ದಾರಂತೆ. ಬೇಡ ಮಾರಾಯ್ರೇ! ಕಾಫಿ ಗೋಣಿಗೆ ಹಳೆ ಬಟ್ಟೆ ತುಂಬಿ ತೂಗುಹಾಕಿ, ಸಾಕು. ಮರಳು ತುಂಬಬೇಡಿ.

ಇನ್ನು ಅಪ್ಪ ಅಮ್ಮಂದಿರ ಭಯ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್ ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದು ಬಿದ್ದ ಮೈಸೂರಿನ ಹುಡುಗ ತೀರಿಕೊಂಡ. ಅದನ್ನು ಮುಚ್ಚಿಟ್ಟು ನಾನು ಮಾತಾಡಲಾರೆ. ನನಗೂ ಒಮ್ಮೆ ಅಭ್ಯಾಸದಲ್ಲಿ ಕಿವಿಯ ಮೇಲೆ ಒದೆ ಬಿತ್ತು. ಮೂರು ದಿನ ತಲೆನೋವು, ವಾಂತಿ. ಪಂದ್ಯ ತಪ್ಪೀತೆಂದು ಯಾರಿಗೂ ಹೇಳಲಿಲ್ಲ. ಅವ್ವ ಫೋನ್ ಮಾಡಿದಾಗ ಶೀತ ಎಂದೆ. ರೂಮಿನ ಗೆಳೆಯ ಬೈದು ಆಸ್ಪತ್ರೆಗೆ ಎಳೆದೊಯ್ದ. ಆರು ವಾರ ರಿಂಗಿನ ಹತ್ತಿರ ಹೋಗಬೇಡ ಎಂದರು ಡಾಕ್ಟರು. ಅವ್ವ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಅವಳಿಗೆ ಇದು ಗೊತ್ತಾಗುತ್ತಿರುವುದು ಇವತ್ತೇ.

ಈಗ ನನ್ನ ಹತ್ತಿರ ಬರುವ ಮಕ್ಕಳ ತಲೆಗೆ ಹೊಡೆತವಿಲ್ಲ. ಹೆಲ್ಮೆಟ್ ಹಾಕಿದರೂ ಒಳಗೆ ಮೆದುಳು ಅಲುಗುತ್ತದೆ ನೋಡಿ. ಮಗನನ್ನೋ ಮಗಳನ್ನೋ ಎಲ್ಲಾದರೂ ಸೇರಿಸುವ ಮೊದಲು ಒಂದು ಸಂಜೆ ಕೂತು ನೋಡಿ. ಪೆಟ್ಟಾಯಿತು ಎಂದ ಹುಡುಗನನ್ನು ಅಲ್ಲಿ ಹೇಡಿ ಎನ್ನುತ್ತಾರೋ, ಕೂರಿಸಿ ನೀರು ಕೊಟ್ಟು ವಿಚಾರಿಸುತ್ತಾರೋ? ಪಂದ್ಯವಾದರೆ ರಿಂಗಿನ ಪಕ್ಕ ಡಾಕ್ಟರು, ಹೊರಗೆ ಆಂಬುಲೆನ್ಸ್ ಇದೆಯೋ? ಇಲ್ಲದಿದ್ದರೆ ಮನೆಗೆ ಕರೆದುಕೊಂಡು ಬನ್ನಿ.

ಊಟವಾಗಿ ಒಂದು ಗಂಟೆ ಬಿಟ್ಟು ಮೈದಾನದಲ್ಲಿ ನಿಲ್ಲುವ ಭಂಗಿ ತೋರಿಸುತ್ತೇನೆ. ಹೆಣ್ಣುಮಕ್ಕಳೂ ಬನ್ನಿ. ಕೈಗೆ ಸುತ್ತುವ ಪಟ್ಟಿ ನಾಲ್ಕೇ ಜೊತೆ ತಂದಿದ್ದೇನೆ, ಸರದಿಯಲ್ಲಿ ಕಟ್ಟಿಕೊಳ್ಳಬೇಕು.