ಅಜ್ಜಿಯ ಪೆಟ್ಟಿಗೆಯ ವರಾಹ

(ಎಣ್ಣೂರಿನ ನಮ್ಮ ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ಕೂಟದ ದಿನ ನಮ್ಮ ಸದಸ್ಯರೊಬ್ಬರು ಕಾಗದದ ಪೊಟ್ಟಣ ಬಿಚ್ಚಿ ನನ್ನ ಅಂಗೈ ಮೇಲೆ ಒಂದು ಚಿನ್ನದ ನಾಣ್ಯವನ್ನಿಟ್ಟರು. "ಅಜ್ಜಿಯ ಪೆಟ್ಟಿಗೆಯಲ್ಲಿತ್ತು. ಅಣ್ಣತಮ್ಮಂದಿರು ಮೂವರಿಗೆ ಪಾಲಾಗಬೇಕು. ಏನು ಬೆಲೆ ಬಂದೀತು, ನೋಡಿ ಹೇಳಿ ಸ್ವಾಮಿ" ಎಂದರು. ಕರಗಿಸಿ ಹಂಚಿಕೊಳ್ಳುವುದೆಂದು ಮನೆಯಲ್ಲಿ ಮಾತಾಗಿತ್ತಂತೆ. ಒಂದು ತಿಂಗಳು ತಡೆಯಿರೆಂದು ಬೇಡಿಕೊಂಡೆ.

ಇಂಥ ನಾಣ್ಯಕ್ಕೆ ಎರಡು ಬೆಲೆಯುಂಟು: ಲೋಹದ್ದೊಂದು, ಮುದ್ರೆಯದೊಂದು. ಲೋಹದ ಬೆಲೆ ತಿಳಿಯುವುದು ಸುಲಭ. ವರಾಹದ ತೂಕ ಸುಮಾರು 3.4 ಗ್ರಾಂ. ಇಲ್ಲಿನ ಅಂಗಡಿಗಳಲ್ಲಿ ಸವರನ್ ಎಂದರೆ 8 ಗ್ರಾಂ ಲೆಕ್ಕ. ನಿಜವಾದ ಇಂಗ್ಲಿಷ್ ಸವರನ್ 7.988 ಗ್ರಾಂ, 22 ಕ್ಯಾರಟ್. ಹಳೆಯ ವರಾಹಗಳೆಲ್ಲ ಅಷ್ಟು ಶುದ್ಧವೆಂದು ತಿಳಿಯಬೇಡಿರಿ. ಇದೇ ಮದರಾಸಿನಲ್ಲಿ ಕಂಪನಿಯವರು ಅಚ್ಚುಹಾಕಿದ ನಕ್ಷತ್ರ ವರಾಹದಲ್ಲಿ ನೂರಕ್ಕೆ ಎಂಬತ್ತು ಪಾಲು ಮಾತ್ರ ಚಿನ್ನ. ಆದುದರಿಂದ ಮಟ್ಟ ನೋಡಿಸಲೇಬೇಕು. ಆದರೆ ಒರೆಗಲ್ಲಿಗೆ ತಿಕ್ಕಲು ಬಿಡಬೇಡಿರಿ, ಅಂಚು ಸವೆಯುತ್ತದೆ. ಈಗ ಎಕ್ಸ್‌ರೇ ಯಂತ್ರಗಳಿವೆ, ಗಾಯವಾಗದಂತೆ ಮಟ್ಟ ಹೇಳುತ್ತವೆ.

ಮುದ್ರೆಯ ಬೆಲೆಗೆ ಮಾತ್ರ ಕಣ್ಣು ಬೇಕು, ತಾಳ್ಮೆ ಬೇಕು. ನಮ್ಮ ಸದಸ್ಯರ ನಾಣ್ಯದಲ್ಲಿ ಶಿವಪಾರ್ವತಿಯರು ಕುಳಿತಿದ್ದಾರೆ. ಇಷ್ಟನ್ನೇ ನೋಡಿ ಯಾವ ಕಾಲದ್ದೆಂದು ಹೇಳಲಾಗದು. ಇಕ್ಕೇರಿಯ ನಾಯಕರ ವರಾಹದಲ್ಲಿಯೂ ಅದೇ ಚಿತ್ರ. ಹಿಂಬದಿಯಲ್ಲಿ ನಾಗರಿಯಲ್ಲಿ 'ಶ್ರೀ ಸದಾಶಿವ'. ಹೈದರಾಲಿ ಮುಂಬದಿಯ ದೇವರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರ ಹಾಕಿಸಿದ. ಜನ ಒಪ್ಪಿದ ನಾಣ್ಯದ ಮುಖ ಬದಲಿಸಲು ಜಾಣ ರಾಜನೂ ಹೋಗುವುದಿಲ್ಲ, ನೋಡಿ! ಟಿಪ್ಪುವಿನ ಚಿನ್ನದ ನಾಣ್ಯಗಳಲ್ಲಿ ಪಾರಸಿ ಬರಹ ಮಾತ್ರ. 1799ರ ಅನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲಿ ಮತ್ತೆ ಶಿವಪಾರ್ವತಿಯರು, ಹಿಂದೆ 'ಶ್ರೀ ಕೃಷ್ಣರಾಜ'. ಮುಖ ಒಂದೇ, ಆಳಿದವರು ಬೇರೆ ಬೇರೆ. ಬೆಲೆ ಇರುವುದು ಬೆನ್ನಿನಲ್ಲಿ.

ಭೂತಗನ್ನಡಿ ಹಿಡಿದು ನೋಡಿದೆ. ನಮ್ಮ ಸದಸ್ಯರ ನಾಣ್ಯದ ಹಿಂದೆ 'ಕೃಷ್ಣ' ಎಂಬಷ್ಟು ಓದಲು ಬರುತ್ತದೆ.

ಮನೆಯಲ್ಲಿರುವ ರಾಮಟಂಕವೇ ದೊಡ್ಡ ನಿಧಿಯೆಂದು ನಂಬಿದವರೂ ಉಂಟು. ಪಟ್ಟಾಭಿಷೇಕದ ಚಿತ್ರವಿರುವ ಆ ಬಿಲ್ಲೆ ಪೂಜೆಗಾಗಿ ಮಾಡಿದ್ದು, ಚಲಾವಣೆಯ ನಾಣ್ಯವಲ್ಲ, ಹಿತ್ತಾಳೆಯವೇ ಬಹಳ.

ಇನ್ನು ಕೆಲವು ಮಾತು. ಹುಣಸೆಹಣ್ಣಿನಿಂದ ತೊಳೆದು ಹೊಳಪು ಕೊಡಬೇಡಿರಿ. ಪದಕಕ್ಕೆಂದು ಕೊಂಡಿ ಬೆಸೆಸಬೇಡಿರಿ. ಕೊಂಡಿ ಬಿದ್ದ ನಾಣ್ಯವನ್ನು ಸಂಗ್ರಹಕಾರರು ಕಡಿಮೆಗೇ ಕೇಳುತ್ತಾರೆ. ಗುರುತು ಹಿಡಿಯುವುದಕ್ಕೆ ನಮಗೆ ಎಗ್ಮೋರು ಹತ್ತಿರವೇ ಇದೆ; 1851ರಲ್ಲಿ ತೊಡಗಿದ ಅಲ್ಲಿನ ಸರ್ಕಾರಿ ಮ್ಯೂಸಿಯಮ್ಮಿನ ನಾಣ್ಯ ಸಂಗ್ರಹ ಹೆಸರಾದದ್ದು. ಅನಂತರ ಇಬ್ಬರು ಮೂವರು ನಾಣ್ಯ ವ್ಯಾಪಾರಿಗಳಲ್ಲಿ ವಿಚಾರಿಸಿ, ಅಂಥದೇ ನಾಣ್ಯ ಹರಾಜಿನಲ್ಲಿ ಎಷ್ಟಕ್ಕೆ ಹೋಗಿದೆಯೆಂದು ನೋಡಿರಿ. ಕೇಳಿದ ಬೆಲೆಯಲ್ಲ, ಹೋದ ಬೆಲೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯಂತೆ ಪುರಾತನ ವಸ್ತು. ಅಮೆರಿಕದ ಮಗನಿಗೆಂದು ಕಳುಹಿಸುವಂತಿಲ್ಲ. ನೆಲ ಅಗೆಯುವಾಗ ಸಿಕ್ಕಿದ್ದಾದರೆ 1878ರ ನಿಧಿ ಕಾಯಿದೆಯಂತೆ ಕಲೆಕ್ಟರಿಗೆ ತಿಳಿಸಬೇಕು.

ಇಷ್ಟೆಲ್ಲ ಹೇಳುವ ನನ್ನ ಮನೆಯಲ್ಲೇ ಆದದ್ದು ಕೇಳಿ. ನಮ್ಮಜ್ಜಿಯ ಕಾಸಿನ ಸರ ಅಕ್ಕನ ಮದುವೆಯಲ್ಲಿ ಬಳೆಯಾಯಿತು. ತೂಕ ಮಾತ್ರ ಚೀಟಿಯಲ್ಲಿ ಬರೆದಿಟ್ಟಿದ್ದಾರೆ. ಆ ಕಾಸುಗಳು ಯಾರ ಕಾಲದವೆಂದು ಒಬ್ಬರೂ ತಿರುಗಿಸಿ ನೋಡಲಿಲ್ಲ. ಆಗ ನಾನೂ ಅಲ್ಲೇ ಇದ್ದೆ.

ನಮ್ಮ ಸದಸ್ಯರ ಅಣ್ಣತಮ್ಮಂದಿರು ಮುಂದಿನ ಭಾನುವಾರ ಮೂವರೂ ಕೂಡಿ ಎಗ್ಮೋರಿಗೆ ಹೋಗುತ್ತಾರಂತೆ. ಭೂತಗನ್ನಡಿ ಕೊಟ್ಟು ಕಳುಹಿಸಿದ್ದೇನೆ.