ಬೆಲ್ಲಕ್ಕೆ ಗಿರಾಕಿ: ಫೋನಿನ ಪ್ರಚಾರವೂ ಅದರ ಲೆಕ್ಕವೂ

(ಮಂಡ್ಯ ಸೀಮೆಯ ಗ್ರಾಮವೊಂದರ ಆಲೆಮನೆಯ ಅಂಗಳದಲ್ಲಿ ಸೇರಿದ ರೈತ ಸಭೆಯಲ್ಲಿ ಗ್ರಾಮ ಸೇವಕರು ಮಾಡಿದ ಭಾಷಣ)



ಗೊಬ್ಬರ, ಬಿತ್ತನೆ ಕಬ್ಬು, ಸುಳಿ ಕೊರೆಯುವ ಹುಳು, ಇವುಗಳ ವಿಷಯ ಹೇಳುವುದಕ್ಕೆ ನಾನು ತಮ್ಮ ಮುಂದೆ ನಿಲ್ಲುವುದು ವಾಡಿಕೆ. ಈ ದಿನದ ವಿಷಯ ಬೇರೆ. ಫೋನಿನ ಮೂಲಕ ನಿಮ್ಮ ಸರಕನ್ನು ಪ್ರಚಾರ ಮಾಡುತ್ತೇವೆ, ಗಿರಾಕಿ ತಂದುಕೊಡುತ್ತೇವೆ ಎಂದು ಹೇಳಿಕೊಂಡು ಬರುವ ಸೇವೆಗಳ ವಿಷಯ. ನನ್ನ ಕೃಷಿ ಡಿಪ್ಲೊಮಾದ ಪಾಠದಲ್ಲಿ ಇದು ಇರಲಿಲ್ಲ. ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ಆ ತಪ್ಪಿಗೆ ಹಣ ತೆತ್ತವನು ನಾನಲ್ಲ, ಈ ಆಲೆಮನೆಯ ಯಜಮಾನರು. ಅವರು ಇಲ್ಲಿಯೇ ಕುಳಿತಿದ್ದಾರೆ. ಅವರ ಅಪ್ಪಣೆ ಪಡೆದೇ ಈ ಮಾತು ಎತ್ತಿದ್ದೇನೆ.

ಕಳೆದ ವರ್ಷ ಪೇಟೆಯಿಂದ ಇಬ್ಬರು ಹುಡುಗರು ಬಂದರು. ಒಳ್ಳೆಯ ಅಂಗಿ, ಒಳ್ಳೆಯ ಮಾತು. ಅವರನ್ನು ಈ ಅಂಗಳಕ್ಕೆ ಕರೆತಂದವನು ನಾನೇ. ಮೂರು ತಿಂಗಳಿಗೆ 18,000 ರೂಪಾಯಿ ಕೊಡಿ, ನಿಮ್ಮ ಬೆಲ್ಲ ಗೂಗಲ್‌ನಲ್ಲಿ ಎಲ್ಲಕ್ಕಿಂತ ಮೇಲೆ ಬರುವಂತೆ ಮಾಡುತ್ತೇವೆ, ಬೆಂಗಳೂರಿನ ಮನೆಮನೆಗೂ ಗೊತ್ತಾಗುವಂತೆ ಮಾಡುತ್ತೇವೆ ಎಂದರು. ಯಜಮಾನರು ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ.

ಮೂರು ತಿಂಗಳಾದ ಮೇಲೆ ಅವರು ಬಣ್ಣದ ಚಿತ್ರಗಳಿದ್ದ ವರದಿ ಕಳುಹಿಸಿದರು. ಇಷ್ಟು ಲಕ್ಷ ಜನರ ಕಣ್ಣಿಗೆ ಬಿದ್ದಿದೆ, ಆರು ಸಾವಿರ ಜನ ಮೆಚ್ಚಿದ್ದಾರೆ ಎಂದು ಅದರಲ್ಲಿ ಬರೆದಿತ್ತು. ನಾನು ಹಿಗ್ಗಿ ಓದಿ ಹೇಳಿದೆ. ಯಜಮಾನರು ಒಂದೇ ಮಾತು ಕೇಳಿದರು: "ಅಲ್ಲ ಕಣಪ್ಪ, ಆರು ಸಾವ್ರ ಜನ ಮೆಚ್ಚವ್ರೆ ಅಂತೀಯಲ್ಲ, ಅದ್ರಲ್ಲಿ ಬೆಲ್ಲ ತಕ್ಕೊಂಡವ್ರು ಎಷ್ಟು ಜನ?" ಬುಕ್ಕು ತೆಗೆದು ಎಣಿಸಿದೆವು. ಹನ್ನೊಂದು ಪೆಟ್ಟಿಗೆ.

ಆ ಪ್ರಶ್ನೆಯನ್ನು ನಾನು ಹಣ ಕೊಡುವ ಮೊದಲೇ ಕೇಳಬೇಕಾಗಿತ್ತು.

ಹಾಗೆಂದು ಪ್ರಚಾರವೇ ಬೇಡವೆಂದು ನಾನು ಹೇಳುತ್ತಿಲ್ಲ. ಪ್ರಚಾರ ನಮಗೇನೂ ಹೊಸದಲ್ಲ. ದಾರಿಯಲ್ಲಿ ಹೋಗುವವನು ಆಲೆಮನೆಗೆ ಬಂದರೆ ಒಂದು ಚೊಂಬು ಕಬ್ಬಿನ ಹಾಲು ಕೊಡುವುದು, ಮುತ್ತುಗದ ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿಕೊಡುವುದು ನಮ್ಮ ಹಿರಿಯರ ಪದ್ಧತಿ. ಅದು ಧರ್ಮವೂ ಹೌದು, ವ್ಯಾಪಾರವೂ ಹೌದು. ತಿಂದವನು ಊರಿಗೆ ಹೋಗಿ ಇಂಥವರ ಆಲೆಮನೆಯ ಬೆಲ್ಲ ಎಂದು ಹೇಳುತ್ತಿದ್ದ. ಈಗ ದಾರಿಹೋಕರು ಫೋನಿನಲ್ಲಿ ಓಡಾಡುತ್ತಾರೆ, ಅಷ್ಟೇ ವ್ಯತ್ಯಾಸ.

ಇದರ ಅಗತ್ಯವೂ ನಮಗಿದೆ. ಮಾರುಕಟ್ಟೆಯ ಅಂಗಳದಲ್ಲಿ ಅಚ್ಚು, ಉಂಡೆ, ಬಕೆಟ್ ಎಂದು ವಿಂಗಡಿಸಿ ಹರಾಜು ಹಾಕುವಾಗ ಮೊದಲು ನೋಡುವುದು ಬಣ್ಣವನ್ನು. ಬಣ್ಣ ತೆಳುವಾಗಿದ್ದರೆ ಬೆಲೆ ಹೆಚ್ಚು. ಅದಕ್ಕಾಗಿಯೇ ಕೊಪ್ಪರಿಗೆಗೆ ಹೈಡ್ರೋಸ್ ಹಾಕುವ ಕೆಟ್ಟ ರೂಢಿ ಬೆಳೆಯಿತು. ಬೆಂಡೆ ಗಿಡದ ಲೋಳೆಯಿಂದ ಮಡ್ಡಿ ತೆಗೆದು, ಬೇರೇನೂ ಹಾಕದೆ ಇಳಿಸಿದ ಬೆಲ್ಲ ಕಂದಾಗಿರುತ್ತದೆ. ಹರಾಜಿನಲ್ಲಿ ಅದಕ್ಕೆ ಮರ್ಯಾದೆ ಕಡಿಮೆ. ಪೇಟೆಯಲ್ಲಿ ಮಾತ್ರ ಆ ಕಂದು ಬೆಲ್ಲವನ್ನೇ ಹುಡುಕುವ ಮನೆಗಳಿವೆ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ 'ಒಂದು ಜಿಲ್ಲೆ, ಒಂದು ಉತ್ಪನ್ನ' ಎಂದು ಮಂಡ್ಯಕ್ಕೆ ಬೆಲ್ಲವನ್ನೇ ಆರಿಸಿದರು. ಹೆಸರಿದೆ, ಬೇಡಿಕೆಯೂ ಇದೆ. ಆ ಮನೆಗೂ ಈ ಕೊಪ್ಪರಿಗೆಗೂ ನಡುವೆ ದಾರಿ ಮಾಡಬೇಕು. ಆ ದಾರಿಗೆ ಎಷ್ಟು ಸುಂಕ ಕೊಡಬಹುದು ಎಂಬುದೇ ಪ್ರಶ್ನೆ.

ಈಗ ಲೆಕ್ಕಕ್ಕೆ ಬರೋಣ. ಇವು ನಮ್ಮ ಯಜಮಾನರ ಲೆಕ್ಕದ ಅಂಕಿಗಳು. ನಿಮ್ಮವು ಬೇರೆ ಇರುತ್ತವೆ, ನಿಮ್ಮವನ್ನೇ ಹಾಕಿ ನೋಡಿರಿ.

ಮಾರುಕಟ್ಟೆಯಲ್ಲಿ ಅವರ ಬೆಲ್ಲಕ್ಕೆ ಕಿಲೋಗೆ 45 ರೂಪಾಯಿ ಬಂದಿತ್ತು. ಮನೆಗೆ ಕಳುಹಿಸುವ ಬೆಲ್ಲಕ್ಕೆ 90 ರೂಪಾಯಿ ಇಟ್ಟರು. ಐದು ಕಿಲೋ ಪೆಟ್ಟಿಗೆಗೆ 450 ಆಯಿತು. ಕೇಳಿದವರಿಗೆಲ್ಲ ದುಪ್ಪಟ್ಟು ಲಾಭ ಎನ್ನಿಸುತ್ತದೆ. ನಿಲ್ಲಿ. ರಟ್ಟಿನ ಪೆಟ್ಟಿಗೆ, ಒಳಗಿನ ಪ್ಲಾಸ್ಟಿಕ್ ಚೀಲ, ಅಂಟುಪಟ್ಟಿ ಸೇರಿ 35. ಕಳುಹಿಸುವ ಖರ್ಚು 120. ಕೈಗೆ ಉಳಿದದ್ದು 295. ಅದೇ ಐದು ಕಿಲೋವನ್ನು ಮಾರುಕಟ್ಟೆಗೆ ಹಾಕಿದ್ದರೆ 225 ಬರುತ್ತಿತ್ತು. ಹೆಚ್ಚಿಗೆ ದೊರೆತದ್ದು ಪೆಟ್ಟಿಗೆಗೆ 70 ರೂಪಾಯಿ. ಪೆಟ್ಟಿಗೆ ಕಟ್ಟುವ ಸೊಸೆಯ ಕೂಲಿಯನ್ನು ಇದರಲ್ಲಿ ಹಿಡಿದಿಲ್ಲ. ಹಿಡಿಯಬೇಕಾದದ್ದು ನ್ಯಾಯ.

ಪ್ರಚಾರಕ್ಕೆ ಕೊಡುವ ಹಣವೆಲ್ಲ ಈ 70 ರೂಪಾಯಿಯೊಳಗಿನಿಂದಲೇ ಬರಬೇಕು. 18,000 ರೂಪಾಯಿಯನ್ನು 70ರಿಂದ ಭಾಗಿಸಿ ನೋಡಿ. 258 ಪೆಟ್ಟಿಗೆ, ಎಂದರೆ ಸುಮಾರು 13 ಕ್ವಿಂಟಲ್ ಬೆಲ್ಲ ಅವರಿಂದ ಮಾರಾಟವಾಗಿದ್ದರೆ ಯಜಮಾನರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬ ಸ್ಥಿತಿ. ಮಾರಿದ್ದು ಹನ್ನೊಂದು. ನಷ್ಟ 17,230 ರೂಪಾಯಿ. ಈ ಭಾಗಾಕಾರವನ್ನು ಮಾಡಲು ಡಿಪ್ಲೊಮಾ ಬೇಕಿರಲಿಲ್ಲ, ನಾಲ್ಕನೇ ತರಗತಿ ಸಾಕಾಗಿತ್ತು.

ಈ ವರ್ಷ ಸಂಕ್ರಾಂತಿಗೆ ಏನು ನಡೆಯಿತೆಂಬುದನ್ನೂ ಕೇಳಿ. ಯಜಮಾನರ ಸೊಸೆ ಕೈಗೆ ಫೋನು ತೆಗೆದುಕೊಂಡರು. ಫೇಸ್‌ಬುಕ್‌ನಲ್ಲಾಗಲಿ ಇನ್‌ಸ್ಟಾಗ್ರಾಂನಲ್ಲಾಗಲಿ ಹಣ ಕೊಟ್ಟು ಹಾಕುವ ಜಾಹೀರಾತಿಗೆ ಯಾವ ಊರಿನವರಿಗೆ ತೋರಿಸಬೇಕು, ಎಷ್ಟು ದಿನ, ದಿನಕ್ಕೆ ಎಷ್ಟು ರೂಪಾಯಿ ಎಂದು ನಾವೇ ಗೆರೆ ಎಳೆಯಬಹುದು. ಆಕೆ ಮೈಸೂರು ಒಂದನ್ನೇ ಆರಿಸಿದರು. ಎಳ್ಳು ಬೆಲ್ಲಕ್ಕೆ ಜನ ಅಚ್ಚು ಹುಡುಕುವ ಹದಿನೈದು ದಿನ ಮಾತ್ರ ಹಾಕಿದರು. ದಿನಕ್ಕೆ ನೂರು, ಒಟ್ಟು 1,500. ಚಿತ್ರವೂ ಪೇಟೆಯವರು ತೆಗೆದದ್ದಲ್ಲ. ಮಾವನವರು ಕೊಪ್ಪರಿಗೆಯಿಂದ ಪಾಕ ಎತ್ತಿ ಹದ ನೋಡುತ್ತಿರುವುದನ್ನು ತಾವೇ ಫೋನಿನಲ್ಲಿ ತೆಗೆದರು. ಹೋದದ್ದು 46 ಪೆಟ್ಟಿಗೆ. ಒಂದು ಪೆಟ್ಟಿಗೆಗೆ ಬಿದ್ದ ಪ್ರಚಾರದ ಖರ್ಚು 33 ರೂಪಾಯಿಗೂ ಕಡಿಮೆ. ಉಳಿದದ್ದು 1,720 ರೂಪಾಯಿ. ದೊಡ್ಡ ಹಣವಲ್ಲ. ಆದರೆ ಆ 46 ಮನೆಗಳಲ್ಲಿ 19 ಮನೆಯವರು ಯುಗಾದಿಗೆ ತಾವೇ ಫೋನು ಮಾಡಿ ಮತ್ತೆ ತರಿಸಿಕೊಂಡರು. ಆ 19 ಪೆಟ್ಟಿಗೆಗಳಿಗೆ ಪ್ರಚಾರದ ಖರ್ಚು ಬಿಡಿಗಾಸಿಲ್ಲ, 70 ರೂಪಾಯಿ ಪೂರ್ತಿ ಮನೆಗೇ ಬಂತು. ನನ್ನ ಅಭಿಪ್ರಾಯದಲ್ಲಿ ಈ ವ್ಯಾಪಾರದ ಜೀವ ಇರುವುದು ಇಲ್ಲಿ. ಮೊದಲ ಸಲದ ಗಿರಾಕಿಯಿಂದ ಹೆಚ್ಚೇನೂ ಉಳಿಯುವುದಿಲ್ಲ, ಎರಡನೆಯ ಸಲ ಬರುವವರೇ ನಮ್ಮನ್ನು ಸಾಕುವವರು. ಆಕೆ ಪ್ರತಿ ಗಿರಾಕಿಯ ಹೆಸರು, ಊರು, ಎಷ್ಟು ಕಿಲೋ, ಯಾವ ಹಬ್ಬ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಆ 18,000ದಲ್ಲಿ ಅಂಥ ಒಂದು ಪಟ್ಟಿ ಕೂಡ ನಮಗೆ ಸಿಗಲಿಲ್ಲ.

ಇನ್ನು, ಹಣವಿಲ್ಲದೆ ಆಗತಕ್ಕ ಕೆಲಸಗಳಿಗೂ ಹಣ ಕೀಳುವವರಿದ್ದಾರೆ. ಗೂಗಲ್ ನಕಾಶೆಯಲ್ಲಿ ನಿಮ್ಮ ಆಲೆಮನೆಯ ಹೆಸರು, ಫೋನು ಸಂಖ್ಯೆ, ತೆರೆದಿರುವ ವೇಳೆ ಬರೆಸುವುದಕ್ಕೆ ಗೂಗಲ್‌ನವರು ಹಣ ಕೇಳುವುದಿಲ್ಲ. ವ್ಯಾಪಾರಕ್ಕೆಂದೇ ಇರುವ ವಾಟ್ಸ್‌ಆ್ಯಪ್ ಕೂಡ ಹಾಗೆಯೇ. ಸರಕಿನ ಚಿತ್ರ, ಬೆಲೆ ಇಟ್ಟು ಕಳುಹಿಸಬಹುದು. ಗೂಗಲ್‌ನಲ್ಲಿ ಮೊದಲನೆಯ ಸ್ಥಾನ ಖಂಡಿತವಾಗಿ ಕೊಡಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಹಾಗೆ ಖಾತರಿ ಕೊಡಲು ಯಾರಿಂದಲೂ ಆಗದು ಎಂದು ಗೂಗಲ್‌ನವರೇ ಹೇಳಿದ್ದಾರೆ. ನಾನು ಇದನ್ನು ಓದಿದ್ದು ಹಣ ಹೋದ ಮೇಲೆ.

ಕೆಲವರಿಗೆ ಸಮಯವಿಲ್ಲ, ಮನೆಯಲ್ಲಿ ಫೋನು ಬಲ್ಲ ಮಕ್ಕಳಿಲ್ಲ. ಅಂಥವರು ಸೇವೆಯವರನ್ನು ಇಟ್ಟುಕೊಂಡರೆ ತಪ್ಪಲ್ಲ. ಕಬ್ಬು ಕಡಿಯಲು ಆಳು ಕರೆಯುವುದಿಲ್ಲವೇ? ನಿಯತ್ತಿನ ಕೆಲಸಗಾರರು ಈ ಕಸುಬಿನಲ್ಲೂ ಇದ್ದಾರೆ. ಆದರೆ ಕಾಗದದ ಮೇಲೆ ಮಾತು ಮಾಡಿಕೊಳ್ಳಿ. ಮುಖ್ಯವಾಗಿ ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು ನೋಡಿ. ನಮ್ಮ ಯಜಮಾನರ ಪುಟವನ್ನು ಆ ಹುಡುಗರು ತಮ್ಮದೇ ಸಂಖ್ಯೆಯಲ್ಲಿ ತೆರೆದಿದ್ದರು. ನಾಲ್ಕನೇ ತಿಂಗಳು ಹಣ ನಿಲ್ಲಿಸಿದ ಕೂಡಲೇ ಪುಟವೂ ಹೋಯಿತು, ಕೇಳಿ ಬಂದಿದ್ದ ಜನರ ಸಂಖ್ಯೆಗಳೂ ಹೋದವು. ಗದ್ದೆ ನಮ್ಮದು, ಪಹಣಿ ಅವರದು ಎಂದಂತಾಯಿತು. ಜಾಹೀರಾತಿಗೆ ಹೋಗುವ ಹಣ ಎಷ್ಟು, ಅವರ ಕೂಲಿ ಎಷ್ಟು ಎಂದು ಬೇರೆ ಬೇರೆ ಬರೆಸಿ. ಮೂರು ತಿಂಗಳಿನ ಹಣ ಮುಂಗಡ ಕೊಡಬೇಡಿ, ಒಂದು ತಿಂಗಳು ನೋಡಿ. ವರದಿಯಲ್ಲಿ ಎಷ್ಟು ಜನ ಫೋನು ಮಾಡಿದರು, ಎಷ್ಟು ಪೆಟ್ಟಿಗೆ ಹೋಯಿತು ಎಂಬೆರಡು ಅಂಕಿ ಇಲ್ಲದಿದ್ದರೆ ವರದಿಯನ್ನು ಮಡಿಸಿ ಹಿಂದಕ್ಕೆ ಕೊಡಿ.

ಇನ್ನೊಂದು ಸಂಗತಿಯಿದೆ. ಅದನ್ನು ನೆನೆದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಆ ಹುಡುಗರು ಹಾಕಿದ ಜಾಹೀರಾತಿನಲ್ಲಿ 'ಸಕ್ಕರೆ ಕಾಯಿಲೆಯವರೂ ತಿನ್ನಬಹುದಾದ ಬೆಲ್ಲ' ಎಂದು ಬರೆದಿದ್ದರು. ನಮಗೆ ತೋರಿಸಿರಲಿಲ್ಲ. ನಾವೂ ಕೇಳಿರಲಿಲ್ಲ. ಒಂದು ದಿನ ಒಬ್ಬ ತಾಯಿ ಫೋನು ಮಾಡಿ, ತಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆಯಿದೆ, ದಿನಕ್ಕೆ ಎಷ್ಟು ಕೊಡಬಹುದು ಎಂದು ಕೇಳಿದರು. ಹತ್ತು ಕಿಲೋಗೆ ಬೇಡಿಕೆ ಕೊಡಲು ಸಿದ್ಧರಿದ್ದರು. ನಮ್ಮ ಯಜಮಾನರು, "ಕೊಡ್ಬ್ಯಾಡಿ ಕಣವ್ವ, ಬೆಲ್ಲನೂ ಸಿಹಿನೇ, ಡಾಕ್ಟ್ರನ್ನ ಕೇಳಿ" ಎಂದು ಹೇಳಿ ಫೋನು ಇಟ್ಟರು. ಅವರು ಹೇಳಿದ್ದೇ ಸರಿ. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯ ಅಂಶವೇ. ರಕ್ತದ ಸಕ್ಕರೆಯನ್ನು ಅದೂ ಏರಿಸುತ್ತದೆ. ರೋಗ ವಾಸಿಯಾಗುತ್ತದೆ ಎಂದು ಜಾಹೀರಾತು ಕೊಡುವುದನ್ನು ತಡೆಯಲು 1954ರಲ್ಲೇ ಕಾನೂನು ಬಂದಿದೆ, ಅದರ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಇದೆ. ತಪ್ಪು ಮಾತನ್ನು ಬರೆದವರು ಯಾರೇ ಇರಲಿ, ಪೆಟ್ಟಿಗೆಯ ಮೇಲಿರುವ ಹೆಸರು ನಮ್ಮದು. ಆದುದರಿಂದ ಜಾಹೀರಾತಿನ ಪ್ರತಿಯೊಂದು ಅಕ್ಷರವನ್ನೂ ಹಾಕುವ ಮೊದಲು ಓದಿಸಿ ಕೇಳಿರಿ. ಪ್ರಮಾಣ ಪತ್ರವಿಲ್ಲದೆ 'ಸಾವಯವ' ಎಂದು ಬರೆಸಬೇಡಿ. ಹೈಡ್ರೋಸ್ ಹಾಕಿಲ್ಲ, ಬೆಂಡೆಯ ಲೋಳೆ ಹಾಕಿದ್ದೇವೆ ಎಂಬುದು ನಿಜವಾದರೆ ಅದನ್ನೇ ಬರೆಯಿರಿ. ಕೇಳುವವರಿಗೆ ಅಷ್ಟು ಸಾಕು.

ಬೆಳೆದ ಕಬ್ಬನ್ನು ಹಾಗೆಯೇ ಮಾರುವ ರೈತನಿಗೆ ಆಹಾರ ಸುರಕ್ಷತೆಯ ಕಾನೂನು ಅನ್ವಯಿಸುವುದಿಲ್ಲ. ಬೆಲ್ಲ ಮಾಡಿ ಪೆಟ್ಟಿಗೆ ಕಟ್ಟಿದರೆ ನೋಂದಣಿ ಬೇಕು, ಹದಿನಾಲ್ಕು ಅಂಕಿಯ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ಹಾಕಬೇಕು. ತೂಕ, ಬೆಲೆ, ತಯಾರಿಸಿದ ದಿನಾಂಕ, ನಿಮ್ಮ ಹೆಸರು ಮತ್ತು ವಿಳಾಸವೂ ಇರತಕ್ಕದ್ದು. ಅರ್ಜಿ ತುಂಬಲು ನಾನು ನೆರವಾಗುತ್ತೇನೆ. ಮಳೆಗಾಲದಲ್ಲಿ ಬೆಲ್ಲ ನೀರೊಡೆಯುವುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಆಷಾಢ ಶ್ರಾವಣದಲ್ಲಿ ದೂರದ ಊರಿಗೆ ಒಪ್ಪಿಕೊಳ್ಳುವಾಗ ಎರಡು ಚೀಲ ಹಾಕಿ ಕಟ್ಟಿ.

ಕೊನೆಯದಾಗಿ ಮೋಸದ ವಿಷಯ. ಫೋನು ಸಂಖ್ಯೆ ಹೊರಗೆ ಬಿದ್ದ ಮೇಲೆ ಒಳ್ಳೆಯವರ ಜೊತೆಗೆ ಕಳ್ಳರೂ ಕರೆ ಮಾಡುತ್ತಾರೆ. ತಾನು ಸೈನ್ಯದ ಅಧಿಕಾರಿ, ಕ್ಯಾಂಟೀನಿಗೆ ಎರಡು ಕ್ವಿಂಟಲ್ ಬೆಲ್ಲ ಬೇಕು, ಹಣ ಮುಂಗಡವಾಗಿ ಹಾಕುತ್ತೇನೆ, ಈ ಚೌಕವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದು ಹೇಳುವುದು ದೇಶದಲ್ಲೆಲ್ಲ ನಡೆದಿರುವ ಮೋಸ. ನಮಗೆ ಹಣ ಬರಬೇಕಾದರೆ ನಾವು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಹೋದರೆ ಮುಚ್ಚಿಟ್ಟುಕೊಂಡು ಕೂರದೆ ಆ ಗಳಿಗೆಯಲ್ಲೇ 1930 ಸಂಖ್ಯೆಗೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿಹೋಗುತ್ತದೆ.

ಯಜಮಾನರ ಸೊಸೆ ಇದೇ ಅಂಗಳದಲ್ಲಿ ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಕಾಶೆಯಲ್ಲಿ ಹೆಸರು ಬರೆಸುವುದನ್ನೂ ಚಿತ್ರ ತೆಗೆಯುವುದನ್ನೂ ತೋರಿಸಿಕೊಡಲು ಒಪ್ಪಿದ್ದಾರೆ. ಮನೆಯಲ್ಲಿ ಫೋನು ಬಲ್ಲ ಮಕ್ಕಳನ್ನು, ಮುಖ್ಯವಾಗಿ ಹೆಣ್ಣುಮಕ್ಕಳನ್ನು ಕಳುಹಿಸಿಕೊಡಿ. ಕಳೆದ ಒಂದು ತಿಂಗಳು ಬೆಲ್ಲ ಮಾರಿದ ಚೀಟಿಗಳನ್ನೂ ಕೈಯಲ್ಲಿ ಕೊಟ್ಟು ಕಳುಹಿಸಿ. ನಿಮ್ಮ ಪೆಟ್ಟಿಗೆಗೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಅಲ್ಲಿಯೇ ಕುಳಿತು ಮಾಡೋಣ. ಈ ಸಲ ಭಾಗಾಕಾರವನ್ನು ಮೊದಲೇ ಮಾಡುತ್ತೇನೆ.