ಪೆಟ್ಟಿಗೆಯ ಮೇಲಿನ ಅಂಕಿ ಓದಿ, ಆಮೇಲೆ ಬ್ರೇಕ್ ಸಾಮಾನು ಕೊಳ್ಳಿ

(ಹುಬ್ಬತಲೈಯ ಸಂಜೆ ಕಲಿಕಾ ಕೇಂದ್ರದಲ್ಲಿ ಸಾಕ್ಷರತಾ ಸಂಯೋಜಕರು ಮಾಡಿದ ಭಾಷಣ)



ಇಡೀ ದಿನ ಟೀ ತೋಟದಲ್ಲಿ, ಕ್ಯಾರೆಟ್ ಹೊಲದಲ್ಲಿ ದುಡಿದು ಬಂದಿದ್ದೀರಿ. ಗಾಡಿ ಓಡಿಸಿ ಬಂದವರೂ ಇದ್ದೀರಿ. ಚಳಿಯಲ್ಲೂ ಪುಸ್ತಕ ಹಿಡಿದು ಕೂತಿದ್ದೀರಿ. ಇದು ಸಣ್ಣ ಮಾತಲ್ಲ.

ಹೋದ ವಾರ ಇಲ್ಲಿ ಒಬ್ಬ ಡ್ರೈವರ್ ಅಣ್ಣ ಒಂದು ಪ್ರಶ್ನೆ ಕೇಳಿದರು. "ನಮ್ಮ ಮನೆಮಾತು ಬಡಗು. ಅಂಗಡಿ ಬೋರ್ಡು ತಮಿಳು. ಗಾಡಿ ಸಾಮಾನಿನ ಪೆಟ್ಟಿಗೆ ಮೇಲೆ ಇಂಗ್ಲಿಷು. ನಾನು ಕನ್ನಡ ಓದೋದು ಕಲಿತು ಏನು ಉಪಯೋಗ?" ಅಂದರು. ನನಗೆ ಆಗ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಇವತ್ತು ಕೊಡುತ್ತೇನೆ.

ಮೊದಲು ನಮ್ಮ ಸೋದರಮಾವನ ಕಥೆ ಹೇಳುತ್ತೇನೆ.

ಮಾವ 407 ಗಾಡಿ ಓಡಿಸುತ್ತಿದ್ದರು. ಕ್ಯಾರೆಟ್, ಎಲೆಕೋಸು, ಆಲೂಗಡ್ಡೆ ಹೇರಿಕೊಂಡು ಮೇಟ್ಟುಪಾಳಯಂ ಮಂಡಿಗೆ ಹೋಗುತ್ತಿದ್ದರು. ಇಪ್ಪತ್ತು ವರ್ಷ ಓಡಿಸಿದ ಕೈ. ಆದರೆ ಅಕ್ಷರ ಬರುತ್ತಿರಲಿಲ್ಲ. ಒಂದು ಸಲ ಹಿಂದಿನ ಚಕ್ರದ ವೀಲ್ ಸಿಲಿಂಡರಿನಲ್ಲಿ ಎಣ್ಣೆ ಒಸರಿತು. ಹೊಸ ರಬ್ಬರ್ ಕಿಟ್ ತರಲು ಒಂದು ಅಂಗಡಿಗೆ ಹೋದರು. "ಕೆಂಪು ಪೆಟ್ಟಿಗೆಯದು ಕೊಡಿ" ಅಂದರು. ಕೆಂಪು ಪೆಟ್ಟಿಗೆಯದು ಕೊಟ್ಟರು. ನಂಬರಿನ ಕೊನೆಯ ಅಂಕಿ 6 ಇರಬೇಕಿತ್ತು. ಕೊಟ್ಟ ಪೆಟ್ಟಿಗೆಯಲ್ಲಿ 9 ಇತ್ತು. ಮಾವನಿಗೆ ಎರಡೂ ಒಂದೇ ಕೊಂಡಿ.

ಒಳಗಿನ ರಬ್ಬರ್ ಬಟ್ಟಲು ಕೂದಲೆಳೆಯಷ್ಟು ಸಣ್ಣದು. ಕೂನೂರಿನವರೆಗೆ ಬ್ರೇಕ್ ಚೆನ್ನಾಗಿಯೇ ಹಿಡಿಯಿತು. ಘಟ್ಟ ಇಳಿಯುತ್ತಾ ಬರ್ಲಿಯಾರ್ ಹತ್ತಿರ ಬಂದಾಗ ಪೆಡಲ್ ಮುಕ್ಕಾಲು ಭಾಗ ಒಳಗೆ ಹೋಯ್ತು. ಹಿಂದಿನ ಬ್ರೇಕ್ ಸತ್ತಿತ್ತು. ಮುಂದಿನ ಬ್ರೇಕ್ ಒಂದೇ ಎಳೆದೂ ಎಳೆದೂ ಸುಟ್ಟ ವಾಸನೆ ಬರುತ್ತಿತ್ತು. ಮಾವ ಸೆಕೆಂಡ್ ಗೇರಿಗೆ ಹಾಕಿ, ಕಣಿವೆ ಕಡೆ ಬಿಡದೆ, ಗುಡ್ಡದ ಕಡೆಯ ಮೋರಿಗೆ ಗಾಡಿ ಇಳಿಸಿದರು. ಜೀವ ಉಳೀತು. ಜೊತೆಗಿದ್ದ ಕ್ಲೀನರ್ ಹುಡುಗನ ಕಾಲು ಮುರೀತು. ಮೂರು ತಿಂಗಳು ಅವನ ಮನೆಯಲ್ಲಿ ದುಡಿಮೆ ಇಲ್ಲ.

ಒಂದು ಅಂಕಿ, ನೋಡಿ. ಒಂದೇ ಒಂದು ಅಂಕಿ.

ಘಟ್ಟದಲ್ಲಿ ಏಕೆ ಇಷ್ಟು ಎಚ್ಚರ?

ಬಯಲು ಸೀಮೆಯಲ್ಲಿ ಬ್ರೇಕ್ ಆಗಾಗ ಒತ್ತುತ್ತೇವೆ, ಬಿಡುತ್ತೇವೆ. ಬಿಸಿ ಆರಲು ಸಮಯ ಸಿಗುತ್ತೆ. ನಮ್ಮ ಘಟ್ಟದಲ್ಲಿ ಹಾಗಲ್ಲ. ಕೂನೂರು ರೈಲು ನಿಲ್ದಾಣ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಮೇಟ್ಟುಪಾಳಯಂ ಸುಮಾರು 325 ಮೀಟರ್. ಎರಡರ ನಡುವೆ ರಸ್ತೆಯಲ್ಲಿ 14 ಕೊಂಡಿ ತಿರುವುಗಳಿವೆ. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ಘಟ್ಟದಲ್ಲಿ 36 ತಿರುವು. ಅದು ಇನ್ನೂ ಕಡಿದು.

ಒಂದು ಲೆಕ್ಕ ಕೇಳಿ. ಸರಕು ಸೇರಿ 5 ಟನ್ ತೂಗುವ ಗಾಡಿ ಕೂನೂರಿನಿಂದ ಕೆಳಗೆ ಇಳಿಯುತ್ತೆ. ಗೇರಿನ ಸಹಾಯ ಇಲ್ಲದೆ ಬರೀ ಬ್ರೇಕಿನಲ್ಲೇ ಇಳಿಸಿದರೆ ಎಷ್ಟು ಬಿಸಿ ಹುಟ್ಟುತ್ತೆ ಗೊತ್ತಾ? 200 ಲೀಟರಿನ ಒಂದು ಪೀಪಾಯಿ ತಣ್ಣೀರು ಕುದಿಯುವಷ್ಟು! ಅಷ್ಟು ಬಿಸಿಯನ್ನೂ ನಾಲ್ಕು ಡ್ರಮ್ಮು ತಡೀಬೇಕು.

ನಮ್ಮ ಮಲೆ ರೈಲು ನೋಡಿ. 1899ರಲ್ಲೇ ಕೂನೂರಿಗೆ ಬಂತು. ಹಳಿಗಳ ನಡುವೆ ಹಲ್ಲುಕಂಬಿ ಇದೆ. ಆದರೂ ಪ್ರತಿ ಡಬ್ಬಿಗೂ ಒಬ್ಬ ಬ್ರೇಕ್ ಹಿಡಿಯುವವನು ಬೇರೆ ಇರುತ್ತಾನೆ. ಈ ಇಳಿಜಾರಿಗೆ ಒಂದೇ ಬ್ರೇಕನ್ನು ನಂಬಬಾರದು ಅಂತ ಅದನ್ನು ಕಟ್ಟಿದವರಿಗೆ ಗೊತ್ತಿತ್ತು.

ಸಾಮಾನು ಕೊಳ್ಳುವಾಗ ಏನು ಓದಬೇಕು?

ಮೊದಲನೆಯದು, ಪಾರ್ಟ್ ನಂಬರ್. ಹಳೆಯ ಸಾಮಾನು ಬಿಚ್ಚಿದಾಗ ಅದರ ಮೇಲಿನ ನಂಬರನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಹಳೆಯ ಸಾಮಾನನ್ನೂ ಜೊತೆಗೆ ಒಯ್ಯಿರಿ. ಗಾಡಿಯ ಮಾದರಿ, ವರ್ಷ ಆರ್.ಸಿ. ಪುಸ್ತಕದಲ್ಲಿ ಇರುತ್ತೆ. ಅಂಗಡಿಯಲ್ಲಿ ಪೆಟ್ಟಿಗೆಯ ನಂಬರಿಗೂ ಚೀಟಿಯ ನಂಬರಿಗೂ ಒಂದೊಂದೇ ಅಂಕಿ ಹೋಲಿಸಿ. 6 ಮತ್ತು 9, 1 ಮತ್ತು 7, 3 ಮತ್ತು 8 ಬಂದಾಗ ಎರಡು ಸಲ ನೋಡಿ. ನಂಬರ್ ಬೇರೆ ಇದ್ದರೆ, "ಇದೂ ಅದೇನೇ ಅಣ್ಣಾ, ಹಾಕಿ ನೋಡಿ" ಅಂದರೂ ಒಪ್ಪಬೇಡಿ. ಏಕೆ ಬೇರೆ ಅಂತ ಪುಸ್ತಕ ತೆಗೆಸಿ ತೋರಿಸಲು ಹೇಳಿ. ಪೆಟ್ಟಿಗೆಯ ಬಣ್ಣ ನೋಡಿ ಕೊಳ್ಳಬೇಡಿ. ಡೂಪ್ಲಿಕೇಟ್ ಮಾಡುವವನು ಮೊದಲು ಕದಿಯುವುದೇ ಬಣ್ಣವನ್ನು.

ಎರಡನೆಯದು, ಲೈನರ್. ಡ್ರಮ್ಮಿಗೆ ಉಜ್ಜುವ ಪಟ್ಟಿ ಅಂದ್ರೆ ಇದೇ. ಹಲವು ಲೈನರುಗಳ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರ ಅಚ್ಚು ಹಾಕಿರುತ್ತಾರೆ. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿ ಎಷ್ಟು ಹಿಡಿತ ಅಂತ ಹೇಳುತ್ತೆ. ಎರಡನೆಯದು ತುಂಬಾ ಕಾದಾಗ ಎಷ್ಟು ಹಿಡಿತ ಅಂತ ಹೇಳುತ್ತೆ. 'ಇ'ಗಿಂತ 'ಎಫ್' ಹೆಚ್ಚು, 'ಎಫ್'ಗಿಂತ 'ಜಿ' ಹೆಚ್ಚು. 'ಎಫ್ ಇ' ಅಂತ ಇದ್ದರೆ ಕಾದಾಗ ಹಿಡಿತ ಇಳಿಯುತ್ತೆ ಅಂತ ಅರ್ಥ. ಘಟ್ಟದವರು ನಾವು, ನಮಗೆ ಎರಡನೆಯ ಅಕ್ಷರವೇ ಮುಖ್ಯ. ಹಾಗಂತ ಹಿಡಿತ ಹೆಚ್ಚಿದ್ದಷ್ಟೂ ಒಳ್ಳೇದು ಅಂತಲೂ ಅಲ್ಲ. ಅತಿಯಾದರೆ ಚಕ್ರ ಕಚ್ಚಿಕೊಂಡು ಗಾಡಿ ಜಾರುತ್ತೆ. ಗಾಡಿ ಕಂಪನಿ ಹೇಳಿದ್ದೇ ಸರಿ.

ಮೂರನೆಯದು, ಅಳತೆ. ಡ್ರಮ್ ಸವೆದು ಗೀರು ಬಿದ್ದಾಗ ಲೇತಿನಲ್ಲಿ ಕಡೆಸುತ್ತೇವೆ. ಆಗ ಅದರ ಒಳಗಿನ ಅಗಲ ಹೆಚ್ಚುತ್ತೆ. ಅದಕ್ಕೆ ಓವರ್ ಸೈಜ್ ಲೈನರ್ ಬೇಕು. ಕಡೆಸದ ಡ್ರಮ್ಮಿಗೆ ಸ್ಟ್ಯಾಂಡರ್ಡ್. ಪೆಟ್ಟಿಗೆಯ ಮೇಲೆ ಯಾವುದೆಂದು ಬರೆದಿರುತ್ತೆ. ಡ್ರಮ್ಮನ್ನು ಎಷ್ಟರವರೆಗೆ ಕಡೆಸಬಹುದು ಅನ್ನುವುದಕ್ಕೂ ಮಿತಿ ಇದೆ. ಆ ಅಂಕಿ ದಾಟಿದರೆ ಡ್ರಮ್ ತೆಳ್ಳಗಾಗಿ ಬಿರುಕು ಬಿಡುತ್ತೆ. ಅದನ್ನು ಗುಜರಿಗೆ ಹಾಕಬೇಕು, ಗಾಡಿಗಲ್ಲ.

ನಾಲ್ಕನೆಯದು, ಬ್ರೇಕ್ ಎಣ್ಣೆ. ಡಬ್ಬಿಯ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಇರುತ್ತೆ. ಹೊಸ ಡಾಟ್ 3 ಎಣ್ಣೆ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ಡಾಟ್ 4 ಆದರೆ 230 ಡಿಗ್ರಿ. ಆದರೆ ಈ ಎಣ್ಣೆ ಗಾಳಿಯಲ್ಲಿರುವ ನೀರನ್ನು ಹೀರಿಕೊಳ್ಳುತ್ತೆ. ನೀರು ಸೇರಿದ ಮೇಲೆ ಡಾಟ್ 3ಕ್ಕೆ 140, ಡಾಟ್ 4ಕ್ಕೆ 155 ಡಿಗ್ರಿ ಇದ್ದರೆ ಸಾಕು ಅಂತ ಕಟ್ಟಳೆ. ನಮ್ಮ ಊರಿನ ಮಂಜು, ಮಳೆ ನಿಮಗೇ ಗೊತ್ತು. ಎಣ್ಣೆ ಕುದಿದರೆ ಪೈಪಿನಲ್ಲಿ ಆವಿ ಗುಳ್ಳೆ ಕೂರುತ್ತೆ. ಎಣ್ಣೆ ಒತ್ತಿದರೆ ಕುಗ್ಗಲ್ಲ, ಗುಳ್ಳೆ ಕುಗ್ಗುತ್ತೆ. ಪೆಡಲ್ ಹತ್ತಿ ಮೂಟೆ ತುಳಿದ ಹಾಗೆ ಆಗುತ್ತೆ. ಆದ್ದರಿಂದ ಮುಚ್ಚಳ ತೆರೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿ ಬೇಡ. ಚಿಲ್ಲರೆಯಾಗಿ ಸುರಿದು ಕೊಡುವ ಎಣ್ಣೆಯೂ ಬೇಡ. ಇಂಜಿನ್ ಆಯಿಲ್ ಅಂತೂ ತೊಟ್ಟೂ ಸೇರಬಾರದು. ಅದು ರಬ್ಬರನ್ನು ಊದಿಸಿ ಕೆಡಿಸುತ್ತೆ.

ಐದನೆಯದು, ಜೋಡಿ. ಎಡ ಚಕ್ರದ ಲೈನರ್ ಸವೆದರೆ ಬಲದ್ದನ್ನೂ ಬದಲಿಸಿ. ಎರಡೂ ಒಂದೇ ಕಂಪನಿಯದು, ಒಂದೇ ನಂಬರಿನದು ಇರಲಿ. ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತೆ. ಬಯಲಲ್ಲಿ ಆ ಪಕ್ಕ ಹೊಲ ಇರಬಹುದು. ಇಲ್ಲಿ ಆ ಪಕ್ಕ ಕಣಿವೆ ಇರುತ್ತೆ. ದೊಡ್ಡ ಲಾರಿಯ ಏರ್ ಬ್ರೇಕಿಗೂ ಇದೇ ಮಾತು. ಅದರ ಚೇಂಬರಿನ ಅಳತೆಯನ್ನು 20, 24, 30 ಅಂತ ಅಂಕಿಯಲ್ಲಿ ಹೇಳುತ್ತಾರೆ. ಎಡಕ್ಕೆ 24, ಬಲಕ್ಕೆ 30 ಹಾಕಿದರೆ ಗಾಡಿ ನೇರ ನಿಲ್ಲಲ್ಲ.

ಇನ್ನೊಂದು ಮಾತು. ಹಳೆಯ ಲೈನರಿನ ಧೂಳನ್ನು ಬಾಯಿಂದ ಊದಬೇಡಿ, ಗಾಳಿ ಪೈಪಿನಿಂದಲೂ ಹಾರಿಸಬೇಡಿ. ಕೆಲವು ಲೈನರಿನಲ್ಲಿ ಕಲ್ನಾರು ಇರುತ್ತೆ. ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ.

ಬಿಲ್ ಬಿಡಬೇಡಿ

ಪೊಟ್ಟಣದ ಮೇಲೆ ತಯಾರಿಸಿದವರ ಹೆಸರು, ವಿಳಾಸ, ತಿಂಗಳು, ವರ್ಷ, ಎಂ.ಆರ್.ಪಿ. ದರ, ದೂರು ಹೇಳುವ ವಿವರ ಇರಲೇಬೇಕು. 2011ರ ಪೊಟ್ಟಣ ನಿಯಮ ಹಾಗೆ ಹೇಳುತ್ತೆ. ವಿಳಾಸವೇ ಇಲ್ಲದ ಪೆಟ್ಟಿಗೆ ಅಂದ್ರೆ ಅಪ್ಪ ಅಮ್ಮನ ಹೆಸರು ಹೇಳದ ವರ ಇದ್ದ ಹಾಗೆ. ಅಂಥವನಿಗೆ ಮಗಳನ್ನು ಕೊಡುತ್ತೀರಾ?

ಪಾರ್ಟ್ ನಂಬರ್ ಬರೆಸಿದ ಬಿಲ್ ಕೇಳಿ ತಗೊಳ್ಳಿ. ಮಾವನ ಹತ್ತಿರ ಬಿಲ್ ಇರಲಿಲ್ಲ. ಅಂಗಡಿಯವರನ್ನು ಕೇಳಲು ಹೋದಾಗ "ನಮ್ಮಲ್ಲಿ ತಗೊಂಡಿದ್ದೇ ಅಲ್ಲ" ಅಂದರು. ಮಾವ ತಲೆ ತಗ್ಗಿಸಿಕೊಂಡು ಬಂದರು. ಬಿಲ್ ಇದ್ದರೆ 1915 ನಂಬರಿಗೆ ಫೋನ್ ಮಾಡಬಹುದು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು.

ಅಕ್ಕಂದಿರೇ, ಇದು ಗಂಡಸರ ಮಾತು ಅಂತ ಸುಮ್ಮನೆ ಕೂರಬೇಡಿ. ಎಲೆ ಕೊಯ್ಯಲು ಪಿಕಪ್ ಹತ್ತುವವರು ನೀವು. ಮದುವೆಗೆ, ಹಬ್ಬಕ್ಕೆ ಪಕ್ಕದ ಹಟ್ಟಿಗೆ ಹೋಗುವವರು ನೀವು. "ಬ್ರೇಕ್ ಯಾವಾಗ ನೋಡಿಸಿದಿರಿ? ಬಿಲ್ ಎಲ್ಲಿ?" ಅಂತ ಕೇಳುವ ಹಕ್ಕು ನಿಮಗಿದೆ.

ಕೊನೆಗೆ, ಎಷ್ಟೇ ಒಳ್ಳೆಯ ಸಾಮಾನು ಹಾಕಿದರೂ ಘಟ್ಟವನ್ನು ಗೇರಿನಲ್ಲೇ ಇಳಿಯಿರಿ. ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸಲು ಹೋದರೆ ಗಾಡಿ ಉಳಿಯಲ್ಲ.

ಈಗ ಡ್ರೈವರ್ ಅಣ್ಣನ ಪ್ರಶ್ನೆಗೆ ಉತ್ತರ. ಅಣ್ಣಾ, ಪೆಟ್ಟಿಗೆ ಮೇಲಿನ ಅಂಕಿ ತಮಿಳಿನಲ್ಲೂ ಅದೇ, ಕನ್ನಡದಲ್ಲೂ ಅದೇ, ಇಂಗ್ಲಿಷಿನಲ್ಲೂ ಅದೇ. ಕನ್ನಡ ಓದಲು ಕಲಿತವನಿಗೆ ನಾಲ್ಕು ಇಂಗ್ಲಿಷ್ ಅಕ್ಷರ ಗುರುತಿಸುವುದು ಕಷ್ಟವಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಓದಲು ಬರದವರು ಕೊಟ್ಟದ್ದನ್ನು ತಗೊಂಡು ಬರುತ್ತಾರೆ. ಓದಲು ಬಂದವರು "ಸ್ವಲ್ಪ ತೋರಿಸಿ, ನೋಡ್ತೀನಿ" ಅನ್ನುತ್ತಾರೆ. ಆ ಒಂದು ಮಾತು ಬಾಯಿಗೆ ಬಂದರೆ ಸಾಕು, ಕಲಿತದ್ದು ಉಪಯೋಗಕ್ಕೆ ಬಂತು.

ನಮ್ಮ ಮಾವ ಐವತ್ತೆರಡನೇ ವಯಸ್ಸಿನಲ್ಲಿ ಅಂಕಿ ಬರೆಯಲು ಕಲಿತರು. ಮೊದಲು ಬರೆದದ್ದು ತಮ್ಮ ಹೆಸರಲ್ಲ. ಆ ಕಿಟ್ಟಿನ ನಂಬರು. ಆ ಚೀಟಿ ಇನ್ನೂ ಅವರ ಜೇಬಿನಲ್ಲಿದೆ.

ಈಗ ನೀವು ಮಾಡಿ

1. ಮನೆಯಲ್ಲಿರುವ ಯಾವುದಾದರೂ ಒಂದು ಪೊಟ್ಟಣ ತನ್ನಿ. ತಯಾರಾದ ತಿಂಗಳು, ವರ್ಷ, ದರ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ.
2. ಈ ಎರಡು ನಂಬರ್ ಒಂದೇನಾ? ಗಟ್ಟಿಯಾಗಿ ಓದಿ ಹೇಳಿ: 41786 ಮತ್ತು 47186.
3. ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಗಾಡಿಯ ಬ್ರೇಕ್ ಎಣ್ಣೆ ಡಾಟ್ 3 ಅಥವಾ ಡಾಟ್ 4? ಕೇಳಿ ತಿಳಿದು ನಿಮ್ಮ ಪುಸ್ತಕದಲ್ಲಿ ಬರೆಯಿರಿ.
4. "1915" ಎಂಬ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.